ಪ್ರಸ್ಥಾನಕ್ಕೆ ಹೋದ ಹಲ್ಲು

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಪ್ರಯಾಣ ಹೊರಟದ್ದು ಅಜ್ಜಿಯ ಹಲ್ಲು. ಹಲ್ಲು ಹೊರಟ ಹತ್ತನೆಯ ದಿನ ಅಜ್ಜಿ ಹೊರಟಳು, ಅಜ್ಜಿಯ ಜೊತೆ ಅವ್ವ, ಅವ್ವನ ಜೊತೆ ನಾನು. ಅಪ್ಪ ಹೊರಡುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. ಅರವತ್ತು ದಾಟಿದ ಮೇಲೂ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ತಿರುಗುವ ನನ್ನನ್ನು ನೋಡಿ ಸೊಸೆ, ಈ ಹುಚ್ಚು ನಿಮಗೆ ಎಲ್ಲಿಂದ ಬಂತು ಎಂದು ಕೇಳುತ್ತಾಳೆ. ಎಲ್ಲಿಂದ ಬಂತೆಂದು ನನಗೆ ಸರಿಯಾಗಿ ಗೊತ್ತಿದೆ. ಪುಣೆಯ ಸದಾಶಿವ ಪೇಠದ ಎರಡು ಕೋಣೆಯ ಮನೆಯಲ್ಲಿದ್ದ, ಒಂದೇ ಥರದ ಎರಡು ಸ್ಟೀಲ್ ಡಬ್ಬಿಗಳಿಂದ ಬಂತು.

ಆ ಮನೆ ಹಲವು ಬಿಡಾರಗಳಿದ್ದ ಒಂದು ಹಳೆಯ ವಾಡೆಯ ಮಹಡಿಯ ಮೇಲಿತ್ತು. ಈಗ ಅಲ್ಲಿ ಏಳಂತಸ್ತಿನ ಕಟ್ಟಡ ಎದ್ದಿದೆ, ನಾವು ಇದ್ದ ಎತ್ತರದಲ್ಲಿ ಒಂದು ಕೋಚಿಂಗ್ ಕ್ಲಾಸು ನಡೆಯುತ್ತದೆ. ಆಗ ಕಟ್ಟಿಗೆಯ ಮೆಟ್ಟಿಲು ಹತ್ತಿ ಬಂದರೆ ಹೊರಕೋಣೆ, ಅದಕ್ಕೆ ಓಣಿಯ ಕಡೆ ಒಂದೇ ಕಿಟಕಿ. ಒಳಗೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ದೇವರು, ದೇವರ ಕಾವಲಿಗೆ ಅಜ್ಜಿ. ಅವ್ವ ವಿಜಾಪುರದ ಕಡೆಯವಳು. ಮದುವೆಯಾಗಿ ರೈಲಿನಲ್ಲಿ ಬಂದು ಪುಣೆ ಸ್ಟೇಷನ್ನಿನಲ್ಲಿ ಇಳಿದವಳು, ಹನ್ನೆರಡು ವರ್ಷ ಅದರಾಚೆಗೆ ಕಾಲಿಟ್ಟಿರಲಿಲ್ಲ. ತಾನು ಇಳಿದ ಮೇಲೂ ಆ ರೈಲು ಮುಂದೆ ಹೋಯಿತು ಎಂಬುದೇ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಲೋಣಾವಳಾ ದಾಟಿದರೆ ಘಾಟು, ಬೆಟ್ಟ ಕೊರೆದ ಸುರಂಗಗಳು, ಹಾಡಹಗಲೇ ಕತ್ತಲು ಎಂದು ವಾಡೆಯ ಹೆಂಗಸರು ವರ್ಣಿಸುವಾಗ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದಳು. ಸಮುದ್ರ ಬೇಡ, ಮುಂಬಯಿ ಬೇಡ, ಆ ಸುರಂಗದೊಳಗೆ ಒಮ್ಮೆ ಹೊಕ್ಕು ಹೊರಗೆ ಬರಬೇಕು, ಅಷ್ಟೇ ಅವಳ ಆಸೆ.

"ನನ್ನ ಇಳಿಸಿ ಗಾಡಿ ಮುಂದ ಹೋತು ನೋಡು, ಆ ಮುಂದಿಂದು ನಾ ನೋಡಬೇಕು," ಎನ್ನುತ್ತಿದ್ದಳು.

ಅಡ್ಡಿ ಇದ್ದದ್ದು ಅಪ್ಪನದು. ಅಪ್ಪ ಭೋಸರಿಯ ಒಂದು ಕಾರ್ಖಾನೆಯಲ್ಲಿ ಮಾಲು ರವಾನೆ ಮಾಡುವ ವಿಭಾಗದ ಗುಮಾಸ್ತ. ದಿನವಿಡೀ ಪೆಟ್ಟಿಗೆಗಳ ಮೇಲೆ ಕಲ್ಕತ್ತಾ, ಗುವಾಹಾಟಿ, ಅಮೃತಸರ ಎಂದು ಚೀಟಿ ಅಂಟಿಸುತ್ತಿದ್ದ. ತಾನು ಮಾತ್ರ ಬೆಳಗ್ಗೆ ಭೋಸರಿಗೆ ಹೋಗಿ ಸಂಜೆ ಭೋಸರಿಯಿಂದ ಬರುತ್ತಿದ್ದ. ಮಾಲು ಒಡೆಯಿತು, ಸೋರಿತು, ಕಳಿಸಿದ ಐದು ನಗ ಪೆಟ್ಟಿಗೆಗಳಲ್ಲಿ ನಾಲ್ಕೇ ನಗ ಮುಟ್ಟಿದವು ಎಂದು ಗಿರಾಕಿಗಳು ಬರೆಯುವ ಪತ್ರಗಳೆಲ್ಲ ಅವನ ಮೇಜಿಗೇ ಬರುತ್ತಿದ್ದವು. ಊಟಕ್ಕೆ ಕೂತಾಗ ಅವನ್ನು ನಮಗೆ ಬಾಯಿಪಾಠ ಒಪ್ಪಿಸುತ್ತಿದ್ದ. ಇಪ್ಪತ್ತು ವರ್ಷ ಇಂಥ ಪತ್ರಗಳನ್ನೇ ಓದಿದ ಮನುಷ್ಯನಿಗೆ, ಜಗತ್ತಿನಲ್ಲಿ ಹೊರಟದ್ದು ಯಾವುದೂ ನೆಟ್ಟಗೆ ಮುಟ್ಟುವುದಿಲ್ಲ ಎಂಬ ನಂಬಿಕೆ ಬಲವಾಗಿತ್ತು. ನೆಟ್ಟಗೆ ಮುಟ್ಟಿದ ಮಾಲಿಗೆ ಯಾರೂ ಪತ್ರ ಬರೆಯುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ. ಯಾವ ಪ್ರಯಾಣದ ಮಾತೆತ್ತಿದರೂ ಹಿಂದಿನ ದಿನ ಅಪ್ಪನ ಹೊಟ್ಟೆ ಕೆಡುತ್ತಿತ್ತು. ಅದು ನಾಟಕವಲ್ಲ, ನಿಜವಾಗಿಯೇ ಕೆಡುತ್ತಿತ್ತು.

ಹೀಗಿರುವಾಗ ಮುಂಬಯಿಯಲ್ಲಿ ಅಪ್ಪನ ಸೋದರಮಾವನ ಮಗಳ ಮದುವೆ ಬಂತು. ತಪ್ಪಿಸುವಂತಿರಲಿಲ್ಲ. ಶನಿವಾರ ಹೊರಡುವುದೆಂದಾಯಿತು. ಅಜ್ಜಿ ಪಂಚಾಂಗ ತೆಗೆದಳು. ಶನಿವಾರ ಪಡುವಣಕ್ಕೆ ಹೊರಡಲು ಒಳ್ಳೆಯ ವೇಳೆ ಇಲ್ಲ, ಗುರುವಾರ ಬೆಳಗಿನ ಜಾವ ಇದೆ ಎಂದಳು. ಇದಕ್ಕೆ ನಮ್ಮವರಲ್ಲಿ ಒಂದು ಉಪಾಯವುಂಟು. ಒಳ್ಳೆಯ ವೇಳೆಗೆ ನಾವು ಹೊರಡಲಾಗದಿದ್ದರೆ ನಮ್ಮ ಬದಲಿಗೆ ಒಂದು ಗಂಟು ಹೊರಡುತ್ತದೆ. ಪ್ರಯಾಣ ಮಾಡುವ ಒಬ್ಬೊಬ್ಬರದೂ ಒಂದೊಂದು ವಸ್ತು, ಅರಿಶಿನದ ಅಕ್ಕಿ, ಅಡಿಕೆ, ಎಲ್ಲ ಒಂದು ಬಟ್ಟೆಯಲ್ಲಿ ಕಟ್ಟಿ ಆ ಗಳಿಗೆಗೆ ಸರಿಯಾಗಿ ನೆರೆಮನೆಯಲ್ಲಿ ಇಟ್ಟು ಬಂದರೆ ಮುಗಿಯಿತು, ಪ್ರಯಾಣ ಶುರುವಾದಂತೆ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಆಮೇಲೆ ನಿಮಗೆ ಅನುಕೂಲವಾದ ಹೊತ್ತಿನಲ್ಲಿ ಗಂಟು ಎತ್ತಿಕೊಂಡು ನಡೆಯಬಹುದು. ಆದರೆ ಇಟ್ಟ ಗಂಟನ್ನು ಊರ ಸೀಮೆ ದಾಟುವವರೆಗೆ ಬಿಚ್ಚಬಾರದು, ಪ್ರಯಾಣ ಮಾಡಿಸದೆ ಮನೆಯೊಳಗೆ ತರಬಾರದು. ಅಜ್ಜಿ ತನ್ನದೊಂದು ಮಡಿವಸ್ತ್ರ ಇಟ್ಟಳು. ಅವ್ವ ಒಂದು ಕುಪ್ಪಸದ ಖಣದೊಳಗೆ, ಮುಂಬಯಿ ಮುಟ್ಟಿದ ಮೇಲೆ ತವರಿಗೆ ಬರೆಯಲೆಂದು ತಂದಿದ್ದ ಅಂಚೆ ಕಾರ್ಡನ್ನು ಸುತ್ತಿ ಇಟ್ಟಳು. ನಾನು ನನ್ನ ಕೆಂಪು ರಿಬ್ಬನ್ ಕೊಟ್ಟೆ. ಅಪ್ಪನನ್ನು ಕೇಳಿದಾಗ ಅವನು ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ನನ್ನ ಹೆಸರಿಲೆ ಒಂದು ಅಡಿಕಿ ಇಡವಾ, ಸಾಕು."

ಅಡಿಕೆ, ಅಕ್ಕಿ ಒಂದು ಡಬ್ಬಿಯಲ್ಲಿದ್ದವು. ಅದರದೇ ಜೋಡಿ ಡಬ್ಬಿಯಲ್ಲಿ ಅಜ್ಜಿಯ ಹಲ್ಲಿನ ಸೆಟ್ ಇರುತ್ತಿತ್ತು. ಎರಡೂ ಯಾರದೋ ಮುಂಜಿಯಲ್ಲಿ ಹಂಚಿದವು. ಕಟ್ಟಿಸಿಕೊಂಡ ಹಲ್ಲು ಹಾಕಿಕೊಂಡು ದೇವರ ಮುಂದೆ ಕೂರಬಾರದೆಂದು ಅಜ್ಜಿ ಪೂಜೆ ಮುಗಿಯುವ ತನಕ ಬೋಳುಬಾಯಿಯಲ್ಲೇ ಮಂತ್ರ ಹೇಳುತ್ತಿದ್ದಳು. ಗುರುವಾರ ಗಳಿಗೆ ಮೀರುತ್ತದೆ, ಗಳಿಗೆ ಮೀರುತ್ತದೆ ಎಂದು ಅವಸರದಲ್ಲಿ ಡಬ್ಬಿ ತುರುಕಿ, ಗಂಟು ಕಟ್ಟಿ, ಮೆಟ್ಟಿಲಿಳಿದು, ಕೆಳಗಿನ ಕುಸುಮತಾಯಿಯ ಮನೆಯಲ್ಲಿ ಇಟ್ಟು ಬಂದಳು. ಪೂಜೆ ಮುಗಿಸಿ, ಚಹಾದಲ್ಲಿ ಅದ್ದಿ ತಿನ್ನಲು ಬಿಸ್ಕೀಟು ಹಿಡಿದು, ಹಲ್ಲು ಹಾಕಿಕೊಳ್ಳಲೆಂದು ಡಬ್ಬಿ ತೆಗೆದರೆ ಒಳಗೆ ಅಡಿಕೆ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಲೆಯ ಕಡೆ ತಿರುಗಿದಳು. ಅವಳ ಬೆನ್ನು ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. ನಾನು ಓಡಿಹೋಗಿ ತರುತ್ತೇನೆಂದೆ. ಅಜ್ಜಿ ಅಡ್ಡ ನಿಂತಳು.

"ಹುಚ್ಚಿ, ಪ್ರಸ್ಥಾನ ಬಿಚ್ಚತಾರೇನು? ಎರಡ ದಿನದ ಮಾತು. ಶನಿವಾರ ಗಾಡ್ಯಾಗ ಹಾಕ್ಕೋತೀನಿ."

ಶುಕ್ರವಾರ ಅಪ್ಪನ ಹೊಟ್ಟೆ ಕೆಟ್ಟಿತು. ಶನಿವಾರದ ಗಾಡಿ ನಾವಿಲ್ಲದೆ ಹೋಯಿತು. ಭಾನುವಾರ ಮುಂಬಯಿಯಲ್ಲಿ ಮದುವೆ ಆಗಿಹೋಯಿತು. ಹೋಗುವ ಕಾರಣವೇ ಮುಗಿದಿತ್ತು, ಪ್ರಸ್ಥಾನ ಮಾತ್ರ ಕುಸುಮತಾಯಿಯ ಮನೆಯಲ್ಲಿತ್ತು. ಕುಸುಮತಾಯಿ ನಿವೃತ್ತ ಶಿಕ್ಷಕಿ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರೂ ಬಾಗಿಲು ಬಡಿಯಬಾರದೆಂದು ಬಾಗಿಲ ಮೇಲೆ ಬರೆಸಿದ್ದವರು. ಅವರು ಗಂಟನ್ನು ಒಂದು ಕುರ್ಚಿಯ ಮೇಲೆ ಅತಿಥಿಯ ಹಾಗೆ ಕೂರಿಸಿದ್ದರು. ದಿನಾ ಬೆಳಗ್ಗೆ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗುತ್ತಿದ್ದರು.

"ಕಾಯ್, ನಿಘಾಲಾತ್ ಕಾ?"

ಏನು, ಹೊರಟಿರಾ ಎಂದರ್ಥ. ಇಡೀ ವಾಡೆಗೆ ಕೇಳಿಸುತ್ತಿತ್ತು. ಅಪ್ಪ ವಾಡೆಯ ಹಿಂಬಾಗಿಲಿನಿಂದ ಭೋಸರಿಗೆ ಹೋಗುವುದನ್ನು ರೂಢಿ ಮಾಡಿಕೊಂಡ.

ಮುಂದಿನ ಒಂದು ವಾರವೇ ನಾನು ಹೇಳಬೇಕೆಂದಿರುವುದು. ಸೋಮವಾರ ಬೆಳಗ್ಗೆ ಅಜ್ಜಿ ಬಹಳ ಯೋಚಿಸಿ ಒಂದು ತೀರ್ಪು ಕೊಟ್ಟಳು. ಗಂಟು ಹೊರಬಿದ್ದಿದೆ, ಮುಟ್ಟುವ ಊರು ಮುಟ್ಟಿಲ್ಲ, ಅಂದ ಮೇಲೆ ಶಾಸ್ತ್ರದ ಪ್ರಕಾರ ನಾವು ಈಗ ಪ್ರಯಾಣದಲ್ಲಿದ್ದೇವೆ.

"ದಾರ್ಯಾಗ ಇದ್ದೀವಿ ನಾವು," ಎಂದಳು.

ಅಜ್ಜಿ ಈ ಮಾತನ್ನು ಹೆದರಿಕೆಯಿಂದ ಹೇಳಿದ್ದಳು. ಅವ್ವ ಅದನ್ನು ಬೇರೆಯೇ ರೀತಿಯಲ್ಲಿ ಎತ್ತಿಕೊಂಡಳು. ದಾರಿಯಲ್ಲಿರುವವರಿಗೆ ಮಡಿಯ ಕಟ್ಟು ಸಡಿಲವೆಂದು ಅಜ್ಜಿಯೇ ನೂರು ಸಲ ಹೇಳಿದ್ದುಂಟು. ಅವ್ವ ಅವತ್ತು ರೊಟ್ಟಿ ಬಡಿಯಲಿಲ್ಲ. ಮದುವೆಯ ಪ್ರಯಾಣಕ್ಕೆಂದು ಕಟ್ಟಿದ್ದ, ಹಾಲಿನಲ್ಲಿ ಕಲಸಿದ ದಶಮಿ ರೊಟ್ಟಿ, ಶೇಂಗಾ ಹಿಂಡಿ, ಬೇಸನ್ ಉಂಡೆ ಬಿಚ್ಚಿ ಕಿಟಕಿಯ ಹತ್ತಿರ ಕೂತಳು, ನನ್ನನ್ನೂ ಕೂರಿಸಿಕೊಂಡಳು. ಪೆಟ್ಟಿಗೆಯ ತಳದಲ್ಲಿರುತ್ತಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಹೊರಗೆ ಓಣಿಯಲ್ಲಿ ಪೇರಲಹಣ್ಣಿನ ಗಾಡಿಯವನು ನಿಂತರೆ, ನೋಡು ಒಂದು ಸ್ಟೇಷನ್ ಬಂತು ಎನ್ನುತ್ತಿದ್ದಳು. ಅವನು ಹೋದರೆ ಗಾಡಿ ಬಿಟ್ಟಿತು ಎಂದು ಲೆಕ್ಕ. ಅದೇ ಕಿಟಕಿಯಿಂದ ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಎದುರುಮನೆಯ ಮುದುಕ ತಬಲಾ ದುರಸ್ತಿ ಮಾಡುತ್ತಾನೆಂದು, ಅವನು ಚರ್ಮವನ್ನು ಬಿಸಿಲಿಗಿಟ್ಟು ಮಗುವಿನ ಹಣೆ ಮುಟ್ಟಿದಂತೆ ಮುಟ್ಟಿ ನೋಡುತ್ತಾನೆಂದು ಆ ವಾರವೇ ಗೊತ್ತಾದದ್ದು. ಅವ್ವ ಮೆಟ್ಟಿಲಿಳಿದು ಹೋಗಿ ಅವನನ್ನು ಮಾತಾಡಿಸಿಯೇ ಬಿಟ್ಟಳು. ರೈಲಿನಲ್ಲಿ ಎದುರು ಕೂತವರನ್ನು ಮಾತಾಡಿಸದೆ ಇರುತ್ತೇವೆಯೇ ಎಂದು ಅವಳ ವಾದ.

ಅಜ್ಜಿಯದು ಬೇರೆಯ ಕಷ್ಟ. ಬೋಳುಬಾಯಿಗೆ ದಶಮಿ ಆಗಿಬರಲಿಲ್ಲ. ಹಾಲಿನಲ್ಲಿ ನೆನೆಸಿದ ಅವಲಕ್ಕಿ ತಿಂದು ತಿಂದು ಬುಧವಾರಕ್ಕೆ ಸಿಟ್ಟಿಗೆದ್ದಳು. ಓಣಿಯ ಮೂಲೆಯಲ್ಲಿ ಕರಾವಳಿ ಕಡೆಯ ಶೆಟ್ಟರ ಹೋಟೆಲು ಇತ್ತು. ಅದರ ಮುಂದೆ ಹಾದುಹೋಗುವಾಗ ಅಜ್ಜಿ ಸೆರಗು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು, ಹೋಟೆಲಿನ ಹೊಗೆ ತಗುಲಿದರೂ ಮೈಲಿಗೆ. ಅವ್ವ ಒಂದು ಪಾತ್ರೆ ಹಿಡಿದು ಸೀದಾ ಅಲ್ಲಿಗೆ ಹೋದಳು. ನಾನು ಜೊತೆಗಿದ್ದೆ. ಮರಾಠಿಯಲ್ಲಿ ಇಡ್ಲಿ ಕೇಳಿದಳು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಏನೋ ಅಂದಳು, ಗಲ್ಲೆಯ ಮೇಲಿದ್ದ ಶೆಟ್ಟರ ಮುಖ ಅರಳಿತು.

"ನೀವು ಕನ್ನಡದವರಾ? ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ ಮಾರಾಯ್ರೆ! ಅಜ್ಜಿಗಾ? ಹಾಗಾದ್ರೆ ನಿಲ್ಲಿ, ಈಗ ಇಳಿಸಿದ್ದು ಬಿಸಿಬಿಸಿ ಉಂಟು."

ಅಜ್ಜಿ ಪಾತ್ರೆಯನ್ನು ಬಹಳ ಹೊತ್ತು ನೋಡಿದಳು. ಇಡ್ಲಿ ಮುರಿದು ಸಾಂಬಾರಿನಲ್ಲಿ ಅದ್ದಿದಳು. ಒಂದು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದಾಗ ಅವಳಿಗೆ ಈರುಳ್ಳಿಯ ಅನುಮಾನ ಬಂತು.

"ಸಾರಿನ್ಯಾಗ ಉಳ್ಳಾಗಡ್ಡಿ ಅದ ಏನ?"

"ದಾರ್ಯಾಗ ಇದ್ದೀವಿ ಅತ್ಯಾರ. ದಾರ್ಯಾಗ ಯಾರನ್ನ ಕೇಳೂದು?" ಎಂದಳು ಅವ್ವ.

ಅಜ್ಜಿ ಒಂದು ಕ್ಷಣ ಕಣ್ಣು ಮುಚ್ಚಿ ದೇವರಿಗೆ ಏನೋ ವರದಿ ಒಪ್ಪಿಸಿದಳು. ಆಮೇಲೆ ಎರಡನೆಯದನ್ನು ಮುಗಿಸಿ ಮೂರನೆಯ ಇಡ್ಲಿಯನ್ನೂ ತಿಂದಳು. ಎಪ್ಪತ್ತು ವರ್ಷದಲ್ಲಿ ಅದು ಅವಳ ಮೊದಲನೆಯ ಹೋಟೆಲ್ ತಿಂಡಿ. ಗುರುವಾರ ಬೆಳಗ್ಗೆ ಅವಳೇ ಪಾತ್ರೆ ತೊಳೆದು ಬಾಗಿಲ ಹತ್ತಿರ ಇಟ್ಟಿದ್ದಳು.

ಸಂಜೆ ಅಪ್ಪ ಬಂದರೆ ಮನೆಯ ನಡುವೆ ಟ್ರಂಕು, ಕಿಟಕಿಯಲ್ಲಿ ಇಳಕಲ್ ಸೀರೆಯ ಹೆಂಡತಿ, ಗೋಡೆಗೊರಗಿ ಇಡ್ಲಿ ತಿನ್ನುವ ತಾಯಿ. ಅವನಿಗೆ ರೇಗಿತು.

"ಇದೇನು ಮನಿಯೋ ಧರ್ಮಶಾಲಿಯೋ?"

"ಧರ್ಮಶಾಲಿ ಅಂತನ ತಿಳೀರಿ. ಇವತ್ತ ಇಲ್ಲೆ ಇಳದೀವಿ. ನಾಳಿದು ನಾಳಿಗೆ," ಎಂದಳು ಅವ್ವ. ಅವಳ ದನಿಯಲ್ಲಿ ಜಗಳವಿರಲಿಲ್ಲ. ಅಪ್ಪ ಟ್ರಂಕು ದಾಟಿಕೊಂಡು ಕೈಕಾಲು ತೊಳೆಯಲು ಹೋದ.

ಶುಕ್ರವಾರ ಅಜ್ಜಿ ಇನ್ನೊಂದು ನಿಯಮ ಹೊರಡಿಸಿದಳು. ಅಮಾವಾಸ್ಯೆಯೊಳಗೆ ಹೊರಡದಿದ್ದರೆ ಗಂಟನ್ನು ಬಿಚ್ಚದೆ ಹಾಗೇ ಮುಠಾ ಹೊಳೆಗೆ ಬಿಡಬೇಕು. ಅಮಾವಾಸ್ಯೆ ಭಾನುವಾರವಿತ್ತು. ಈ ನಿಯಮವನ್ನು ನಾನು ಆಮೇಲೆ ಎಷ್ಟೋ ಹಿರಿಯರಲ್ಲಿ ವಿಚಾರಿಸಿದ್ದೇನೆ, ಇಂಥದ್ದೊಂದನ್ನು ಯಾರೂ ಕೇಳಿಲ್ಲ. ಗುರುವಾರ ಮಧ್ಯಾಹ್ನ ಅವ್ವ ಅಜ್ಜಿಯ ತಲೆಗೆ ಎಣ್ಣೆ ಹಚ್ಚುತ್ತ ಮೆಲ್ಲಗೆ ಏನೋ ಹೇಳುತ್ತಿದ್ದುದು ಮಾತ್ರ ನನಗೆ ನೆನಪಿದೆ. ಹೊಳೆಗೆ ಹಲ್ಲು ಬಿಟ್ಟರೆ ಹೊಸ ಹಲ್ಲು ಕಟ್ಟಿಸಬೇಕು, ಅದಕ್ಕೆ ಅಪ್ಪ ತನ್ನ ತಾಯಿಯನ್ನು ಎಂಟು ಸಲ ದವಾಖಾನೆಗೆ ಕರೆದೊಯ್ಯಬೇಕು. ಎಂಟು ಪ್ರಯಾಣ! ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಆಗ ಅಜ್ಜಿಯೇ ಅವನನ್ನು ಪಾರು ಮಾಡಿದಳು.

"ರಾಘೂ, ನಿನ್ನ ಅಡಿಕಿ ಡಬ್ಬಿ ಇಲ್ಲೇ ಉಳದದ. ಶಾಸ್ತ್ರದಾಗ ನೀ ಹೊಂಟೇ ಇಲ್ಲ. ಹೊಂಟಾವರು ನಾವು ಮೂರು ಮಂದಿ. ನಾವು ಕರ್ಜತ್ ತನಕ ಹೋಗಿ ಬರತೀವಿ."

ಗಂಡಸಿಲ್ಲದೆ ಹೆಂಗಸರು, ಅದೂ ಹೋಗಲು ಯಾವ ಕಾರಣವೂ ಇಲ್ಲದೆ, ಘಾಟು ಇಳಿದು ಕರ್ಜತ್ ಮುಟ್ಟಿ ಹಿಂದಿರುಗುವುದು. ಅಪ್ಪ ಅವ್ವನ ಮುಖ ನೋಡಿದ. ಅವ್ವ ನೆಲ ನೋಡುತ್ತಿದ್ದಳು. ಅವನು ಬೇಡವೆಂದಿದ್ದರೆ ಅವಳು ಮತ್ತೆಂದೂ ಕೇಳುತ್ತಿರಲಿಲ್ಲ, ಅದು ಹತ್ತು ವರ್ಷದ ನನಗೂ ಗೊತ್ತಿತ್ತು. ಅಪ್ಪ ಎದ್ದು ತನ್ನ ಕೈಚೀಲ ತೆಗೆದ. ಕಾರ್ಖಾನೆಯ ಚೀಟಿಗಳನ್ನು ಹೊರತೆಗೆದು, ಗೋಂದು ತಾ ಎಂದ.

ಶನಿವಾರ ಬೆಳಗ್ಗೆ ಪುಣೆ ಸ್ಟೇಷನ್ನಿನಲ್ಲಿ ನಾವು ರವಾನೆಯ ಮಾಲಿನಂತೆಯೇ ನಿಂತಿದ್ದೆವು. ಚೀಲಕ್ಕೆ ಒಂದು ಚೀಟಿ, ನೀರಿನ ತಂಬಿಗೆಗೆ ಒಂದು, ನನ್ನ ಫ್ರಾಕಿನ ಎದೆಗೆ ಪಿನ್ನು ಚುಚ್ಚಿ ಒಂದು. ನಾಜೂಕು ಮಾಲು, ಮುಟ್ಟದಿದ್ದರೆ ಈ ವಿಳಾಸಕ್ಕೆ ಮರಳಿಸಿ ಎಂದು ಕಾರ್ಖಾನೆಯ ವಿಳಾಸ. ಅಜ್ಜಿ ಚೀಟಿ ಹಚ್ಚಿಸಿಕೊಳ್ಳಲು ಒಪ್ಪದೆ ಗಂಟನ್ನು ಮಗುವಿನಂತೆ ಎತ್ತಿಕೊಂಡಿದ್ದಳು. ಗಾಡಿ ಹೊರಟಿತು. ಅಪ್ಪ ಕಿಟಕಿಯ ಸರಳು ಹಿಡಿದು ಜೊತೆಗೇ ಓಡುತ್ತ, ಬಾಗಿಲಲ್ಲಿ ನಿಲ್ಲಬೇಡಿ, ಹೊರಗೆ ಕೈ ಹಾಕಬೇಡಿ, ಅಪರಿಚಿತರು ಕೊಟ್ಟದ್ದು ತಿನ್ನಬೇಡಿ ಎನ್ನುತ್ತಿದ್ದ. ಪ್ಲಾಟ್‌ಫಾರ್ಮ್ ಮುಗಿಯಿತು. ಹಿಂದೆ ಉಳಿದ ಅಪ್ಪ ತೀರಾ ಸಣ್ಣವನಾಗಿ ಕಂಡ. ನನಗೆ ಅಳು ಬಂತು.

ದಾಪೋಡಿಯ ಸೇತುವೆ ದಾಟಿದ್ದೇ ಅಜ್ಜಿ ಸೀಮೆ ಮುಗಿಯಿತೆಂದು ಸಾರಿ ಗಂಟು ಬಿಚ್ಚಿದಳು. ಹಲ್ಲು ತೆಗೆದು, ತಂಬಿಗೆಯ ನೀರಿನಲ್ಲಿ ತೊಳೆದು, ರೈಲಿನ ಇಡೀ ಡಬ್ಬದವರು ನೋಡುತ್ತಿದ್ದಂತೆ ಬಾಯಿಗಿಟ್ಟುಕೊಂಡಳು. ಎದುರು ಕೂತಿದ್ದ ಮೊಸರಿನ ಗಡಿಗೆಯ ಹೆಂಗಸು ಕೈಮುಗಿದಳು, ಯಾಕೋ ಗೊತ್ತಿಲ್ಲ. ಲೋಣಾವಳಾದಲ್ಲಿ ಚಿಕ್ಕಿ ಮಾರುವವನು ಹತ್ತಿದ. ಹತ್ತು ದಿನದ ಸೇಡನ್ನೆಲ್ಲ ಅಜ್ಜಿ ಆ ಚಿಕ್ಕಿಯ ಮೇಲೆ ತೀರಿಸಿಕೊಂಡಳು, ಕಟಕಟ ಸದ್ದು ಮೂರು ಬೆಂಚಿನಾಚೆ ಕೇಳಿಸುತ್ತಿತ್ತು. ಅಷ್ಟರಲ್ಲಿ ಘಾಟು ಬಂತು. ಮೊದಲನೆಯ ಸುರಂಗ. ಬೆಳಕು ಆರಿಸಿದಂತಾಯಿತು, ತಣ್ಣನೆಯ ಗಾಳಿ ಒಳಗೆ ನುಗ್ಗಿತು, ಡಬ್ಬದ ಹುಡುಗರೆಲ್ಲ ಹೋ ಎಂದು ಕೂಗಿದರು. ಆ ಕೂಗಿನ ನಡುವೆ, ನನ್ನ ಕಿವಿಯ ಪಕ್ಕದಲ್ಲೇ, ಒಬ್ಬ ಹೆಂಗಸು ಗಂಟಲು ಬಿಚ್ಚಿ ಕೂಗಿದಳು. ಬೆಳಕು ಬಂದಾಗ ಅವ್ವ ಸೆರಗು ಸರಿಮಾಡಿಕೊಂಡು ಹೊರಗೆ ನೋಡುತ್ತಿದ್ದಳು.

"ಯಾರ ಒದರಿದ್ದು?" ಎಂದಳು ಅಜ್ಜಿ.

"ಯಾರೋ ಏನೋ ಅತ್ಯಾರ."

ನಾನು ಅವ್ವನನ್ನೇ ನೋಡುತ್ತಿದ್ದೆ. ಅವಳ ಕಣ್ಣು ಒದ್ದೆಯಾಗಿದ್ದವು, ಬಾಯಿ ನಗುತ್ತಿತ್ತು. ಮನೆಯಲ್ಲಿ ಅವಳ ಪೂರ್ತಿ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ನನಗೆ ಮೊದಲು ಹೆದರಿಕೆಯಾಯಿತು, ಆಮೇಲೆ ಹೇಳಲಾಗದಷ್ಟು ಸಂತೋಷವಾಯಿತು. ಅಪ್ಪನಿಗೆ ಹೇಳಲೆಂದು ನಾನು ಬೆರಳು ಮಡಿಚಿ ಸುರಂಗ ಎಣಿಸತೊಡಗಿದ್ದೆ. ಅವ್ವ ನನ್ನ ಬೆರಳು ಬಿಡಿಸಿದಳು.

"ಎಣಸಬ್ಯಾಡ. ನೋಡು."

ಮುಂದಿನ ಸುರಂಗದಲ್ಲಿ ನನ್ನ ಎರಡೂ ಪಕ್ಕದಿಂದ ಕೂಗು ಬಂತು. ಎಡಗಡೆಯದು ಅವ್ವನದು. ಬಲಗಡೆಯದು ಚಿಕ್ಕಿ ತುಂಬಿದ ಬಾಯಿಯಿಂದ ಬಂದಿತ್ತು. ಆಮೇಲೆ ಬೆಳಕಾದಾಗ ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಕರ್ಜತ್‌ನಲ್ಲಿ ಇಳಿದು, ಅಪರಿಚಿತರು ಕೊಟ್ಟ ವಡೆಯನ್ನೇ ತಿಂದು, ಬೆಂಚಿನ ಮೇಲೆ ಕೂತೆವು. ಅಲ್ಲಿ ಮಾಡುವ ಕೆಲಸ ಯಾವುದೂ ಇರಲಿಲ್ಲ. ಹಾಗೆ ಏನೂ ಮಾಡದೆ ಮೂವರೂ ಜೊತೆಗೆ ಕೂತದ್ದು ಅದೇ ಮೊದಲು. ಅವ್ವ ಖಣ ಬಿಚ್ಚಿ ತವರಿಗೆಂದು ತಂದಿದ್ದ ಕಾರ್ಡು ತೆಗೆದಳು, ನನ್ನ ಪೆನ್ಸಿಲು ಕೇಳಿದಳು, ಬಹಳ ಹೊತ್ತು ಯೋಚಿಸಿ ಬರೆದಳು. ಆಮೇಲೆ ನನ್ನ ಎದೆಯ ಚೀಟಿ ನೋಡಿ ವಿಳಾಸ ಇಳಿಸಿಕೊಂಡಳು. ಕಾರ್ಡನ್ನು ಸ್ಟೇಷನ್ನಿನ ಅಂಚೆ ಡಬ್ಬಿಗೆ ಹಾಕಿದ್ದು ನಾನು.

ಸಂಜೆ ಹಿಂದಿರುಗಿದಾಗ ಅಪ್ಪ ಪ್ಲಾಟ್‌ಫಾರ್ಮಿನಲ್ಲಿದ್ದ. ಬೆಳಗ್ಗೆ ನಿಂತಿದ್ದ ಕಡೆಯೇ ಒಂದು ಬೆಂಚಿನ ಮೇಲೆ, ಬೆಳಗಿನದೇ ಪತ್ರಿಕೆ ಹಿಡಿದಿದ್ದ. ಕಾರ್ಖಾನೆಗೆ ಹೋಗಿ ಬಂದೆ ಎಂದ. ಪಕ್ಕದಲ್ಲಿದ್ದ ಹಮಾಲ ನಕ್ಕು, ಸಾಹೇಬರು ಮುಂಜಾನೆಯಿಂದ ಇಲ್ಲೇ ಇದ್ದಾರೆ ಎಂದು ಮರಾಠಿಯಲ್ಲಿ ಅವ್ವನಿಗೆ ಹೇಳಿಬಿಟ್ಟ. ಅಪ್ಪ ನಮ್ಮನ್ನು ಒಬ್ಬೊಬ್ಬರನ್ನೇ ಮೇಲಿಂದ ಕೆಳಗೆ ನೋಡಿದ. ಅಜ್ಜಿ ಹಲ್ಲು ತೋರಿಸಿದಳು.

ಮಂಗಳವಾರ ಊಟಕ್ಕೆ ಕೂತಾಗ ಅಪ್ಪ ಎಂದಿನಂತೆ ಅವತ್ತಿನ ಪತ್ರಗಳನ್ನು ಹೇಳಲು ಶುರುಮಾಡಲಿಲ್ಲ. ಕಿಸೆಯಿಂದ ಒಂದು ಕಾರ್ಡು ತೆಗೆದು, ಗಂಟಲು ಸರಿಮಾಡಿಕೊಂಡು ಓದಿದ.

"ಮಾನ್ಯರೇ, ತಾವು ಕಳಿಸಿದ ಮೂರೂ ನಗ ಸುರಕ್ಷಿತ ಮುಟ್ಟಿವೆ. ಒಡೆದಿಲ್ಲ, ಸೋರಿಲ್ಲ. ಒಂದಕ್ಕೆ ಹಲ್ಲು ಬಂದಿವೆ. ನಾಲ್ಕನೆಯದು ಯಾಕೆ ಕಳಿಸಲಿಲ್ಲ, ತಿಳಿಸಬೇಕು."

ಓದಿ ಮುಗಿಸಿ ಕಾರ್ಡನ್ನು ತಿರುಗಿಸಿ ಇನ್ನೊಮ್ಮೆ ನೋಡಿದ.

"ಇಪ್ಪತ್ತ ವರ್ಷದಾಗ ಇಂಥಾ ಕಾಗದ ಇದ ಮೊದಲನೇದು," ಎಂದ. ಅವ್ವ ಅವನ ತಾಟಿಗೆ ಸಾರು ಬಡಿಸಿದಳು.

ದೀಪಾವಳಿ ಕಳೆದ ಮೇಲೆ ಗೋದಾವರಿ ಸ್ನಾನಕ್ಕೆ ನಾಶಿಕಕ್ಕೆ ಹೋಗುವ ಮಾತು ಬಂತು. ಅಜ್ಜಿ ಮತ್ತೆ ಪಂಚಾಂಗ ತೆಗೆದಳು, ಬೆಳಗಿನ ಜಾವ ಮತ್ತೆ ಗಂಟು ಕಟ್ಟಲು ಕೂತಳು. ಈ ಸಲ ಹಲ್ಲು ಬಾಯಲ್ಲೇ ಇದ್ದವು. ಡಬ್ಬಿಯನ್ನು ಎರಡೆರಡು ಸಲ ಬಿಚ್ಚಿ ನೋಡಿದಳು. ಅಪ್ಪನ ಹೆಸರಿಗೆ ಅಡಿಕೆ ಹುಡುಕುತ್ತಿದ್ದಾಗ ಅಪ್ಪ ಹೊರಕೋಣೆಯಿಂದ ಬಂದ, ಕನ್ನಡಕ ತೆಗೆದ, ಅದನ್ನು ಧೋತರದ ಅಂಚಿನಲ್ಲಿ ಒರೆಸಿ ಗಂಟಿನೊಳಗೆ ಇಟ್ಟ. ಅವನ ಹತ್ತಿರ ಇದ್ದದ್ದು ಅದೊಂದೇ. ಅದಿಲ್ಲದಿದ್ದರೆ ಅವನಿಗೆ ಪೆಟ್ಟಿಗೆಯೇ ಕಾಣಿಸದು, ಚೀಟಿ ಅಂಟಿಸುವುದು ದೂರ ಉಳಿಯಿತು.

"ಅಯ್ಯ, ನಾವು ಹೋಗೂದು ನಾಡಿದ್ದ! ಇವತ್ತ, ನಾಳಿಗೆ ಭೋಸರಿಗೆ ಹ್ಯಾಂಗ ಹೋಗಾಂವ ನೀ?" ಎಂದಳು ಅಜ್ಜಿ.

ಅಪ್ಪ ಅಂದಾಜಿನ ಮೇಲೆ ಅವ್ವ ನಿಂತಿದ್ದ ಕಡೆ ಮುಖ ಮಾಡಿದ.

"ಹೋಗೂದಿಲ್ಲ. ನಾ ದಾರ್ಯಾಗ ಇದ್ದೀನಿ," ಎಂದ.

ಗಂಟನ್ನು ತಾನೇ ಎತ್ತಿಕೊಂಡು, ಗೋಡೆ ಸವರುತ್ತ, ಮೆಟ್ಟಿಲಿಗೊಂದು ಹೆಜ್ಜೆ ಇಡುತ್ತ ಕೆಳಗಿಳಿದ. ಕುಸುಮತಾಯಿ ಬಾಗಿಲು ತೆರೆದದ್ದು ಕೇಳಿಸಿತು. ಅವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು.